ತೆರೆದದ್ದಷ್ಟೇ

ಜುಬೈಲಿನ ಸಿಹಿನೀರ ಸ್ಥಾವರ. ರಾತ್ರಿ ಎರಡೂಕಾಲು.
ಪಂಪುಗಳ ಪಟ್ಟಿಯೆಂದು ಬಂದ ಕಡತ,
ಬರೀ ಅಕ್ಷರ, ಬಣ್ಣವಿಲ್ಲ, ಚಿತ್ರವಿಲ್ಲ,
ದಿನಸಿ ಚೀಟಿಯಷ್ಟು ಸಾಧು.

ತೆರೆದೆ.

ಅಷ್ಟೇ ಮಾಡಿದ್ದು, ಮುಸ್ಲೆಹ್ ಸಾಹೇಬರೇ,
ಒಂದು ಅಲ್ಪವಿರಾಮವನ್ನೂ ತಿದ್ದಿಲ್ಲ.
ನಲವತ್ತು ಸಾಲು ಇಳಿದು ಚಹಾಕ್ಕೆ ಎದ್ದೆ.
ಕೊನೆಯ ಸಾಲು ನನಗೆ ಬರೆದದ್ದಲ್ಲ,
ಓದಿಸುವ ಯಂತ್ರದ ಕಿವಿಗೆ.
ಅದು ಮಹಾ ವಿಧೇಯ. ಆಗಲಿ ಎಂದು ಹೋಗಿ
ಮೂರನೇ ತೊಟ್ಟಿಯ ಬಾಗಿಲು ತೆಗೆದು ಬಂತು.

ಓದುವುದೆಂದರೆ ಮುಟ್ಟದಿರುವುದು ಅಂದುಕೊಂಡಿದ್ದೆ.

ಹನ್ನೊಂದು ವರ್ಷದ ಕೆಳಗೆ ದಮ್ಮಾಮಿನಲ್ಲಿ
ಬಲದಿಂದ ಎಡಕ್ಕೆ ಹರಿಯುವ ಕರಾರಿಗೆ
ಓದಲು ಬಾರದೆ ಸಹಿ ಹಾಕಿದ್ದೆ.
ಈ ರಾತ್ರಿ ಓದಿದೆ, ಸುಮ್ಮನೆ;
ಸಹಿ ಅದೇ ಹಾಕಿಕೊಂಡಿತು.

ತರ್ಜುಮೆಗೆ ಕೂತ ಉಳ್ಳಾಲದ ಮಯ್ಯದ್ದಿ
ಪೆನ್ನು ನಿಲ್ಲಿಸಿ ಕೇಳಿದ:
"ತೆರೆದೆ ಅಂದರೆ ಏನಂತ ಬರೆಯಲಿ?"
ಕಿಟಕಿಯಾಚೆ ಕೊಲ್ಲಿಯ ತೆರೆ
ದಡದ ಮೇಲೆ ಕಣ್ಣಾಡಿಸಿ ಹಿಂದೆ ಸರಿಯುತ್ತಿತ್ತು,
ಪ್ರತಿಸಲ ಒಂದು ಹಿಡಿ ಮರಳು ಕಡಿಮೆ.

ಹೇಳಿಕೆಯ ಕಾಗದ ಮುಂದಿಟ್ಟರು.
ಮೊದಲು ಕೊನೆಯ ಸಾಲು ನೋಡಿದೆ.