ಸ್ವಂತ ಗಮನಿಕೆ

ನಿವೃತ್ತಿಗೆ ಹನ್ನೊಂದು ದಿನ ಇರುವಾಗ ಒಂದು ಫಾರಂ ಬಂತು.
ಏಳನೇ ಕಾಲಂ: ನಿಮ್ಮನ್ನು ಎಷ್ಟು ಮಂದಿ ಉಲ್ಲೇಖಿಸಿದ್ದಾರೆ?
ಅಂಕಿಯಲ್ಲಿ ಬರೆಯಿರಿ. ಅಕ್ಷರಕ್ಕೆ ಜಾಗವಿಲ್ಲ.

ಕೋಡಿಬಾಗದ ಈ ಕೋಣೆಯ ಕಿಟಕಿಗೆ
ಕಾಳಿ ಕಡಲು ಸೇರುವ ಸದ್ದು ಬರುತ್ತದೆ, ನೋಟ ಬರುವುದಿಲ್ಲ;
ನಡುವೆ ಗಾಳಿಮರಗಳು ಅಡ್ಡ.
ಕಂಪ್ಯೂಟರ್ ತೆರೆದೆ. ಅದರಲ್ಲಿ ನಾನು ಇಬ್ಬರಿದ್ದೆ.
ಮದುವೆಗೆ ಮುಂಚಿನ ಎಂ. ಗಾಂವಕರ: ನೂರ ಎಪ್ಪತ್ತೊಂದು.
ಅನಂತರದ ಎಂ. ಪೆಡ್ನೇಕರ: ನಲವತ್ತಮೂರು.
ಇವಳು ಅವಳನ್ನು ಆರು ಸಲ ಹೆಸರು ಹಿಡಿದು ಕರೆದಿದ್ದಾಳೆ,
ಎಂದೂ ಭೇಟಿಯಾಗದ ಹಿರಿಯರಿಗೆ ಕೊಡುವ ಮರ್ಯಾದೆಯಲ್ಲಿ.

ಕೂಡಿಸಿದರೆ ಇನ್ನೂರ ಹದಿನಾಲ್ಕು.
ಮೂವತ್ತನಾಲ್ಕು ವರ್ಷಕ್ಕೆ ಹಂಚಿದರೆ
ತಿಂಗಳಿಗೆ ಅರ್ಧ ಮನುಷ್ಯ.
ಅವರಲ್ಲಿ ಒಬ್ಬ, ಒಸಾಕಾದವನು,
ನನ್ನ ವಿಧಾನ ಕೆಲಸಕ್ಕೆ ಬಾರದು ಎನ್ನಲಿಕ್ಕೇ ನನ್ನನ್ನು ಕರೆದಿದ್ದಾನೆ.
ಅವನು ಪೂರ್ತಿ ಓದಿದ್ದ.
ಉಳಿದವರ ಬಗ್ಗೆ ಆಣೆ ಇಡಲಾರೆ.

ಹೆಚ್ಚು ಕರೆಸಿಕೊಂಡದ್ದು ಮಾಣಕಿಯ ಮೇಲಿನ ಮೊದಲ ಪ್ರಬಂಧ.
(ಇನ್ನಷ್ಟು ದಕ್ಷಿಣಕ್ಕೆ ಹೋದರೆ ಅದೇ ಬೊಂಡಾಸ್.)
ಹೊಲಿಗೆ ದಾರದಷ್ಟು ದಪ್ಪ ಒಂದು ನರ ಅದರ ಮೈಯೊಳಗೆ;
ಹೆದರಿಕೆ ಓಡುವ ದಾರಿ ಬರಿಗಣ್ಣಿಗೆ ಕಾಣುತ್ತದೆ.
ಬೈತಖೋಲಕ್ಕೆ ದೋಣಿ ತಾಗುವುದು ಬೆಳಗಿನ ನಾಲ್ಕೂವರೆಗೆ.
ಬಕೆಟ್ಟಿನಲ್ಲಿ ಕಡಲ ನೀರು, ತೊಡೆಯ ಮೇಲೆ ಬಕೆಟ್ಟು,
ಸೀಟು ಒದ್ದೆಯಾಯಿತೆಂದು ಟೆಂಪೋದವನ ಬೈಗುಳ.
ಹತ್ತರಲ್ಲಿ ಏಳು ದಾರಿಯಲ್ಲೇ ಸಾಯುತ್ತಿದ್ದವು,
ಉಳಿದ ಮೂರನ್ನು ಮೇಜಿಗೆ ಇಟ್ಟೊಡನೆ ಕರೆಂಟು ಹೋಗುತ್ತಿತ್ತು.

ಹಾಗೊಂದು ದಿನ ಧಕ್ಕೆಯಲ್ಲೇ ಸತ್ತದ್ದನ್ನು ಹಿಡಿದು
ಅಳು ಬರುವ ಹಾಗೆ ನಿಂತಿದ್ದಾಗ
ಬುಟ್ಟಿಯ ಹಿಂದಿನಿಂದ ಶೇವಂತಿ ಹರಿಕಂತ್ರ ಅಂದಳು:
"ಸತ್ತಿದೆ ಅಂತ ಯಾರು ಹೇಳಿದ್ದು ಬಾಯೀ?
ತಲೆ ತೆಗೆದ ಮೇಲೂ ಒಂದು ಬೀಡಿ ಸೇದುವಷ್ಟು ಹೊತ್ತು
ಬಣ್ಣ ಓಡ್ತದೆ ಮೈಯಲ್ಲಿ. ಉಪ್ಪು ಬಿದ್ದರೆ ಇನ್ನೂ ಜೋರು.
ನಲ್ಲಿ ನೀರು ಮಾತ್ರ ತಾಗಿಸಬೇಡಿ."
ಉಗುರಿನಿಂದ ಒಂದು ಗೆರೆ ಎಳೆದಳು.
ಕೆಂಪು, ಕಂದು, ಚುಕ್ಕೆಯ ಬೆನ್ನಿಗೆ ಚುಕ್ಕೆ
ಗೆರೆಯ ಹಿಂದೆಯೇ ಅರಳುತ್ತ ಬಂದವು,
ಯಜಮಾನ ತೀರಿಹೋದ ಸುದ್ದಿ ತಲುಪದ ಮನೆಯಲ್ಲಿ
ಹೊತ್ತಿಗೆ ಸರಿಯಾಗಿ ದೀಪ ಹಚ್ಚಿದಂತೆ.

ನಾಲ್ಕು ವರ್ಷ ಆ ಗೆರೆಯ ಹಿಂದೆ ಹೋದೆ.
ಆಮೇಲೆ ಮೂವತ್ತು.
ಮಿದುಳು ಕಳಚಿದ ಚರ್ಮ ಏನೇನು ಬಲ್ಲದು?
ನನ್ನ ಕಸುಬು ಅಂದರೆ ಇಷ್ಟೇ.

ಎರಡನೇ ಪುಟ, ಮೂರನೇ ಸಾಲು:
ಶಿರಚ್ಛೇದದ ನಂತರವೂ ವರ್ಣಕೋಶಗಳ ಮಿಡಿತ ಮುಂದುವರಿಯುತ್ತದೆ.
ಅದರ ಪಕ್ಕ, ಆವರಣದೊಳಗೆ, ಎರಡು ಪದ:
ಸ್ವಂತ ಗಮನಿಕೆ.
ಮೀನು ಮಾರುವವಳ ಹೆಸರಿಗೆ ಪತ್ರಿಕೆಯ ನಿಯಮದಲ್ಲಿ ಜಾಗವಿರಲಿಲ್ಲ
ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ.
ನಾನು ಕೇಳಿಯೇ ಇರಲಿಲ್ಲ.

ಶೇವಂತಿ ಹೋಗಿ ಒಂಬತ್ತು ವರ್ಷ.
ನಿನ್ನೆ ಪೇಟೆಯಲ್ಲಿ ಅವಳ ಜಾಗಕ್ಕೆ ಮೊಮ್ಮಗಳು ಕೂತಿದ್ದಳು,
ಕಿವಿಯಲ್ಲಿ ಇಯರ್‌ಫೋನು, ಮೊಣಕೈವರೆಗೆ ಮಂಜುಗಡ್ಡೆ.
ನೌಕಾನೆಲೆಯ ಕ್ವಾರ್ಟರ್ಸಿನ ಗಿರಾಕಿಯೊಬ್ಬ
ಚುಕ್ಕೆ ಹರಿದಾಡಿದ್ದು ಕಂಡು ಕೈ ಹಿಂದೆಗೆದ.
ಅವಳು ನಕ್ಕು, ಉಗುರಿನಿಂದ ಗೆರೆ ಎಳೆದು,
"ಏನಾಗೂದಿಲ್ಲ, ತಾಜಾ ಅಂತ ಅರ್ಥ.
ಕೋಡಿಬಾಗದ ಡಾಕ್ಟರ್‌ಬಾಯಿ ಕಂಡುಹಿಡಿದದ್ದು ಇದು.
ನಮ್ಮಜ್ಜಿಗೆ ಅವರೇ ಕಲಿಸಿದ್ದಂತೆ" ಅಂದಳು.

ಇನ್ನೂರ ಹದಿನೈದು.

ಗಿರಾಕಿಯ ಹಿಂದೆ ಚೀಲ ಹಿಡಿದು ನಿಂತಿದ್ದೆ.
ಉಲ್ಟಾ, ಅಂದೆ. ಕಲಿಸಿದ್ದು ನಿನ್ನ ಅಜ್ಜಿ.
ಪಕ್ಕದ ಬುಟ್ಟಿಯವಳೂ ತಿರುಗಿ ನೋಡುವಷ್ಟು ಜೋರಾಗಿ ಅಂದೆ.
ಹುಡುಗಿ ಒಂದು ಇಯರ್‌ಫೋನು ತೆಗೆದು
ನನ್ನ ಬಿಳಿ ಕೂದಲು, ನನ್ನ ಚೀಲ, ಎರಡನ್ನೂ ನೋಡಿ ಕೇಳಿದಳು:
"ಹಾಗಂತ ಎಲ್ಲಿ ಬರೆದಿದೆ?"

ಅರ್ಧ ಕಿಲೋ ಕೊಡು, ಅಂದೆ.
ಕ್ಲೀನ್ ಮಾಡಲಾ?
ಬೇಡ. ತಲೆ ಇರಲಿ.