ತಿರುಗುಸೇತುವೆಯವನು

ನಮ್ಮ ತಾರಂತೊದ ಸೇತುವೆ ನಟ್ಟನಡುವೆ ಬಿರಿಯುತ್ತದೆ.
ಗುಂಡಿ ಒತ್ತುವವನು ನಾನು. ಹತ್ತೊಂಬತ್ತು ವರ್ಷ.
ಒಂದರ್ಧ ಹಳೇ ಊರಿನ ಕಡೆಗೆ, ಒಂದರ್ಧ ಹೊಸತರ ಕಡೆಗೆ.
ಸ್ಕೂಟರಿನವರು ಬೈಯುತ್ತಾರೆ,
ಬ್ರೆಡ್ಡಿನ ವ್ಯಾನು ಎಂಜಿನ್ ಆರಿಸುತ್ತದೆ.

ಇವತ್ತು ಬಂದದ್ದು ಕ್ಷಿಪಣಿ ಹೊತ್ತ ವಿಧ್ವಂಸಕ ನೌಕೆ,
ರಿಪೇರಿಗೆ.
ಏಳು ತಿಂಗಳ ತುಕ್ಕು ಲಂಗರಿನ ತೂತಿಂದ ಸೋರಿ
ಕೆನ್ನೆಗೆ ಅಂಟಿದೆ.
ಮೂತಿಯ ಹಿಂದೆ ಸಾಲುಸಾಲು ಮುಚ್ಚಳ.
ಯಾವುದರ ಕೆಳಗೆ ಈಗ ಏನೂ ಇಲ್ಲವೋ
ಹೊರಗಿನವರಿಗೆ ತಿಳಿಯುವುದಿಲ್ಲ.

ನನ್ನ ಮಗಳು ಒರೊಂಜಾ ಅದರಲ್ಲಿದ್ದಾಳೆ.
ಕಿಟಕಿಯಿಲ್ಲದ ಕೋಣೆ, ನೀಲಿ ಬೆಳಕು,
ಎಷ್ಟೋ ಹರದಾರಿ ಆಚೆ ಹಾರುವುದನ್ನು
ಒಂದು ಚುಕ್ಕಿಯೆಂದು ಕಾಯುವ ಕೆಲಸ.
ಮಳೆ, ಹಕ್ಕಿ, ದಡ, ಇಂಥ ಗದ್ದಲವನ್ನೆಲ್ಲ
ಯಂತ್ರ ಮೊದಲೇ ಅಳಿಸಿಬಿಡುತ್ತದಂತೆ.
ಫೋನಿನಲ್ಲಿ ಒಮ್ಮೆ ಅಂದಳು:
‘ಅಪ್ಪಾ, ಚುಕ್ಕಿ ಇತ್ತು. ಆಮೇಲೆ ಇರಲಿಲ್ಲ.’
ನಾನು ಊಟದ ವಿಷಯ ಕೇಳಿದೆ.

ಈಗ ಬಿಳಿ ಸಮವಸ್ತ್ರದ ಸಾಲಿನಲ್ಲಿ
ಏಳನೆಯವಳೋ ಎಂಟನೆಯವಳೋ.
ಕೋಟೆಗೋಡೆಯ ಮೇಲಿಂದ ಯಾರದೋ ತಾಯಿ
ಮೀನಿನ ಬೆಲೆ ಕೂಗಿ ಪಳಗಿದ ಗಂಟಲಲ್ಲಿ
ಮಗನ ಹೆಸರು ಹಿಡಿದು ಕರೆದಳು.
ಜನ ನಕ್ಕರು. ಸಾಲು ಕದಲಲಿಲ್ಲ.

ಕಾಲುವೆ ಕಿರಿದು, ಕಲ್ಲೆಸೆದರೆ ತಾಗುತ್ತದೆ.
ಗಾಜಿನ ಗೂಡಿನೊಳಗೆ ಕೈಯೆತ್ತಿ ನಿಂತೆ.
ನಾನು ದಡ.

ತಲೆ ಹೊರಳಿಸಿದಳು ಅನಿಸಿತು. ಗಾಳಿಯಿತ್ತು,
ಟೋಪಿ ಸರಿಮಾಡಿಕೊಂಡದ್ದೂ ಇರಬಹುದು.
ಹಡಗಿನ ಹಿಂದೆ ನೀರು ತಾನೇ ಹೊಲಿದುಕೊಂಡಿತು,
ಆಚೆ ಚಿಪ್ಪುಮೀನು ಕೃಷಿಯ ಕಂಬಗಳು ಅಲುಗಾಡಿ ನಿಂತವು.
ಸೇತುವೆ ಕೂಡಿಸುವುದನ್ನೇ ಮರೆತಿದ್ದೆ.
ಬ್ರೆಡ್ಡಿನವನು ಹಾರ್ನ್ ಒತ್ತಿ ಒತ್ತಿ
ಊರನ್ನು ಒಂದು ಮಾಡಿಸಿದ.