ಕಾವಲಿಗೆ ನಾಲ್ಕಾಣೆ

ಮೂವತ್ತೊಂದು ವರ್ಷ ವೆನ್‌ಲಾಕ್ ಆಸ್ಪತ್ರೆಯ ಲ್ಯಾಬಿನಲ್ಲಿ
ಮಲೇರಿಯಾದ ಗಾಜು ನೋಡಿದವಳು ನಾನು.
ಈ ಕಣ್ಣಿಗೆ ಬೇರೆ ಕೆಲಸ ಗೊತ್ತಿಲ್ಲ.
ನಿವೃತ್ತಿಯಾದ ಮೇಲೆ ಹುಡುಕಲು ಕೂತದ್ದು
ಅಜ್ಜ ಹೇಳುತ್ತಿದ್ದ ಒಬ್ಬ ಮಕ್ಕಾರ್ದಿ ದೊರೆಯನ್ನು.

ಮೊದಲು ಸಿಕ್ಕಿದ್ದು ಅವನ ಹುಟ್ಟು:
ಸ್ಕಾಟ್ಲೆಂಡಿನ ಒಂದು ಹಳ್ಳಿ, ನೇಕಾರನ ಆರನೆಯ ಮಗ,
ಲಾಕ್ಲನ್ ಮಕ್‌ಹಾರ್ಡಿ.
ಹದಿಮೂರು ತುಂಬಿದಾಗ ಜನಗಣತಿಯವರು ಬಂದಿದ್ದರು.
ಮನೆಯಲ್ಲಿ ಒಂಬತ್ತು ಜನ, ಕಿಟಕಿ ಇರುವ ಕೋಣೆ ಒಂದು.
ಅವನ ಹೆಸರಿನ ಮುಂದೆ: ನೂಲು ಸುತ್ತುವವನು.
ಆಮೇಲೆ ಏಳು ವರ್ಷ ಏನೂ ಇಲ್ಲ.
ಆಮೇಲೆ ನಮ್ಮ ಬಂದರು, ಕಾಫಿಯ ಗೋದಾಮು,
ಗುಮಾಸ್ತ, ತಿಂಗಳಿಗೆ ಐವತ್ತು ರೂಪಾಯಿ.

ಆಮೇಲೆ ಇಂಗ್ಲಿಷ್ ಚರ್ಚಿನ ಪುಸ್ತಕ,
ಗೆದ್ದಲು ತಿಂದು ಉಳಿಸಿದ ಪುಟ.
೧೮೭೦ ಜುಲೈ ೨೭. ಹೂಳಿದ್ದು ಅದೇ ದಿನ ಸಂಜೆ.
ಕಾರಣ: ಜ್ವರ.
ಜ್ವರ ಅಂದರೆ ಯಾವ ಜ್ವರ ಮಾರಾಯ?
ಒಂದು ಹನಿ ಉಳಿಸಿದ್ದರೆ
ಗಾಜಿಗೆ ಸವರಿ, ಬಣ್ಣ ಹಾಕಿ, ಹೇಳುತ್ತಿದ್ದೆನಲ್ಲ
ವೈವ್ಯಾಕ್ಸೋ ಫಾಲ್ಸಿಪ್ಯಾರಮೋ ಎಂದು.

ಕಲ್ಲಿನ ಮೇಲೆ ವಯಸ್ಸು ೨೫, ಪುಸ್ತಕದಲ್ಲಿ ೨೪,
ಲೆಕ್ಕ ಹಾಕಿದರೆ ಇಪ್ಪತ್ತೆರಡು ವರ್ಷ ಏಳು ತಿಂಗಳು.
ಕೆಲಸ ಸಿಗಲೆಂದು ಹೆಚ್ಚಿಸಿ ಹೇಳಿದ್ದಿರಬೇಕು.
ನನ್ನ ಅನೂಪನಿಗೂ ಈಗ ಅಷ್ಟೇ ಪ್ರಾಯ,
ಬೈಕಿನ ಪೆಟ್ರೋಲಿಗೆ ಇವತ್ತು ಬೆಳಿಗ್ಗೆಯೂ ಕೈಚಾಚಿದ.

ಹಳೆ ಪಂಚಾಂಗ ತೆಗೆಸಿ ನೋಡಿದೆ: ಮರುದಿನ ಆಟಿ ಅಮಾವಾಸ್ಯೆ.
ಬೆಳಕು ಹರಿಯುವ ಮೊದಲು ಪಾಲೆ ಮರದ ಬುಡಕ್ಕೆ ಹೋಗಿ
ಕಲ್ಲಿನಲ್ಲಿ ಜಜ್ಜಿ ತೊಗಟೆ ತೆಗೆಯುವ ದಿನ. ಕಬ್ಬಿಣ ತಾಗಬಾರದು.
ಅಕ್ಕು ತಂದಿದ್ದಳೋ?
ತಂದಿದ್ದರೆ, ಆ ಕಹಿ ಯಾರು ಕುಡಿದರು?

ಅಕ್ಕು. ಈ ಹೆಸರು ಅವನ ಯಾವ ಕಾಗದದಲ್ಲೂ ಇಲ್ಲ.
ಮಿಶನಿನ ದೀಕ್ಷಾಸ್ನಾನದ ಪುಸ್ತಕದಲ್ಲಿ ಮಾತ್ರ ಉಂಟು,
ಮರುವರ್ಷ, ಜನವರಿ:
ಮಾರ್ಥಾ, ಮೊದಲಿನ ಹೆಸರು ಅಕ್ಕು, ಕಾಫಿ ಆರಿಸುವವಳು.
ಮಗು ಇಸಾಕ, ಎರಡು ತಿಂಗಳು.
ತಂದೆ ಎಂಬಲ್ಲಿ ಒಂದು ಗೀಟು.
ಬರೆದವರ ಕೈ ನಡುಗಿಲ್ಲ, ಅಡಿಪಟ್ಟಿ ಇಟ್ಟು ಎಳೆದಂತಿದೆ.

ಆ ಗೀಟಿನ ಮೇಲೆ ನಾವು ನಾಲ್ಕು ತಲೆಮಾರು
ಬಟ್ಟೆ ಒಣಹಾಕಿದ್ದೇವೆ.

ಕೊನೆಗೆ ಲಂಡನಿನಿಂದ ಒಂದು ಪಟ್ಟಿ ಬಂತು,
ಪುಟಕ್ಕಿಷ್ಟು ಎಂದು ದುಡ್ಡು ಕಟ್ಟಿ ತರಿಸಿದ್ದು:
ಸತ್ತವನ ಸಾಮಾನಿನ ಹರಾಜು.
ಬೂಟು ಎರಡು ಜೊತೆ. ಕೊಡೆ, ಬಟ್ಟೆ ಹರಿದದ್ದು.
ಬಿರುಕು ಬಿಟ್ಟ ಕೊಳಲು, ಕೇಳುವವರಿಲ್ಲ.
ಬೈಬಲ್, ತಾಯಿಗೆ ಕಳಿಸತಕ್ಕದ್ದು.
ಕಬ್ಬಿಣದ ಕಾವಲಿ, ಮೇಲೆ ಬಕೆಟಿನಂಥ ಹಿಡಿ, ಒಂದು:
ನೇಟಿವ್ ಹೆಂಗಸು, ನಾಲ್ಕಾಣೆ, ನಗದು.

ಎದ್ದು ಅಡಿಗೆಕೋಣೆಗೆ ಹೋದೆ.
ಸಣ್ಣವಳಿದ್ದಾಗ ಅಜ್ಜಿಯ ಹತ್ತಿರ ಕೇಳುತ್ತಿದ್ದೆ,
ದೋಸೆ ಎಬ್ಬಿಸುವಾಗ ಸಟ್ಟುಗಕ್ಕೆ ಅಡ್ಡ ಬರುವ ಈ ಹಿಡಿ ಯಾಕೆ?
ಬಾವಿಗೆ ಇಳಿಸಲಿಕ್ಕೆ, ಎಂದು ನಗುತ್ತಿದ್ದಳು.
ಅಪ್ಪ ಒಮ್ಮೆ ಗರಗಸ ತಂದು, ಕಾಲುಭಾಗ ಕೊಯ್ದು, ಸುಸ್ತಾಗಿ ಬಿಟ್ಟಿದ್ದರು.
ಆ ಗಾಯ ಈಗಲೂ ಉಂಟು.

ಪುರಾವೆ ಇಲ್ಲ, ನನಗೆ ಗೊತ್ತು.
ಊರಲ್ಲಿ ಹೆಂಗಸರು ಎಷ್ಟು, ಕಾವಲಿಗಳು ಎಷ್ಟು.
ಲ್ಯಾಬಿನಲ್ಲಾದರೆ ಬರೆಯುತ್ತಿದ್ದೆ: ಮತ್ತೊಮ್ಮೆ ಪರೀಕ್ಷಿಸಿ.
ಆದರೂ ಕಾಣುತ್ತದೆ,
ಐದು ತಿಂಗಳ ಬಸುರಿ, ನಾಲ್ಕು ದಿನದ ಕೂಲಿ ಸೆರಗಿನ ತುದಿಯಲ್ಲಿ,
ಬೂಟು, ಕೊಡೆ, ಕೊಳಲು ಎಲ್ಲ ಮುಗಿಯುವವರೆಗೆ
ಗೋದಾಮಿನ ಜಗಲಿಯಲ್ಲಿ ನಿಂತೇ ಇದ್ದದ್ದು,
ಬೇರೆ ಯಾರೂ ಐದಾಣೆ ಎನ್ನದಿರಲಿ ಎಂದು.

ರುಬ್ಬಿದ ಹಿಟ್ಟು ಇತ್ತು. ಒಲೆ ಹಚ್ಚಿದೆ.
ನಾನ್‌ಸ್ಟಿಕ್ ಎಲ್ಲಿ ಹೋಯಿತು, ಎಂದ ಅನೂಪ.
ಎಣ್ಣೆ ಸವರಿ ಒಂದು ಸೌಟು ಹೊಯ್ದೆ.
ಮೊದಲನೆಯದು, ಯಾವಾಗಿನ ಹಾಗೆ, ಅಂಟಿಕೊಂಡಿತು.